ಹುಳದ ಮನೆಯಲ್ಲಿ ಹೊಗೆ ಕೂಡದು

ಮೊನ್ನೆ ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಕಳೆ ಕಿತ್ತು, ಗುಡ್ಡೆ ಹಾಕಿ ಬೆಂಕಿಯಿಟ್ಟರು. ಪಾರ್ಥೇನಿಯಂ, ಎಕ್ಕ, ಅದರ ಜೊತೆಗೆ ನಾಲ್ಕಾರು ಉಮ್ಮತ್ತಿ ಗಿಡ, ಮುಳ್ಳುಕಾಯಿ ಸಮೇತ. ಗಾಳಿ ಆ ಹೊಗೆಯನ್ನು ತಂದು ನೇರ ನಮ್ಮ ಅಡುಗೆಮನೆಗೇ ಸುರಿಯಿತು. ಉಳಿದ ಹೊಗೆಯೆಲ್ಲ ಒಂದು ತೂಕ, ಉಮ್ಮತ್ತಿ ಸೊಪ್ಪಿನ ಹೊಗೆಯೇ ಒಂದು ತೂಕ. ಸ್ವಲ್ಪ ಕಹಿ, ಸ್ವಲ್ಪ ಕಮಟು, ಗಂಟಲಿಗೆ ಅಂಟಿಕೊಳ್ಳುವಂಥದ್ದು. ಐವತ್ತು ವರ್ಷದ ಮೇಲೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸಾರು ತಿರುವುತ್ತಿದ್ದ ಕೈ ನಿಂತುಹೋಯಿತು. ಮಳವಳ್ಳಿಯ ಆ ಜಗಲಿ, ಜಗಲಿಯ ಅಂಚಿನಲ್ಲಿ ಬೀದಿಗೆ ಮುಖ ಮಾಡಿ ಕೂತ ದೊಡ್ಡವ್ವ...

ಹೊಗೆಗೆ ನನ್ನ ಮಗಳು ಕೆಮ್ಮತೊಡಗಿದಳು. ಐವತ್ತರ ಅಂಚಿನ ಹೆಂಗಸು, ಇಲ್ಲೇ ಮಂಡ್ಯದಲ್ಲಿ ಹೈಸ್ಕೂಲು ಮೇಡಂ. ಅವಳಿಗೆ ಉಬ್ಬಸ ಇದೆ. ಓಡಿಹೋಗಿ ಗೂಡಿನಿಂದ ನೀಲಿ ಡಬ್ಬಿ ತೆಗೆದು ಬಾಯಿಗಿಟ್ಟು ಎಳೆದಳು, ಸರಿಹೋಯಿತು. ಅದರ ಪಕ್ಕದಲ್ಲೇ ಕಂದು ಡಬ್ಬಿ ಇತ್ತು. ಚೆನ್ನಾಗಿದ್ದರೂ ದಿನಾ ಎಳೆಯಲೇಬೇಕು ಅಂತ ಡಾಕ್ಟರು ಬರೆದುಕೊಟ್ಟದ್ದು. ಅದರ ಮೇಲೆ ಧೂಳು ಕೂತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಯಾಕೆ ಅಂತ ಹೇಳಬೇಕಾದರೆ ದೊಡ್ಡವ್ವನಿಂದಲೇ ಶುರುಮಾಡಬೇಕು.

ಆಗ ಯುದ್ಧದ ಕಾಲ. ನಮ್ಮ ಯಜಮಾನರಿಗೆ ಮಳವಳ್ಳಿಯ ಸ್ಕೂಲಿಗೆ ವರ್ಗವಾಗಿತ್ತು. ಮೈಸೂರಿನಲ್ಲಿ ಬೆಳೆದ ನಾನು, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ದೊಡ್ಡ ಹೆಂಚಿನ ಮನೆಯ ಅರ್ಧ ಭಾಗ ನಮಗೆ ಬಾಡಿಗೆಗೆ ಸಿಕ್ಕಿತು. ಇನ್ನರ್ಧದಲ್ಲಿ ಮನೆಯ ಯಜಮಾನಿ ಮತ್ತು ಆಕೆಯ ಮಗ. ನಡುವಿನ ಗೋಡೆ ಆಳೆತ್ತರಕ್ಕೆ ಬಂದು ನಿಂತುಬಿಟ್ಟಿತ್ತು, ಅಲ್ಲಿಂದ ಮೇಲೆ ಹೆಂಚಿನವರೆಗೂ ಬಯಲು. ಅವರ ಮನೆಯ ಮಾತು ನಮಗೆ, ನಮ್ಮ ಮನೆಯ ವಾಸನೆ ಅವರಿಗೆ. ಮೊದಲ ದಿನ ನಾನು ಸಾರಿಗೆ ಒಗ್ಗರಣೆ ಹಾಕಿದೆನೋ ಇಲ್ಲವೋ, ಗೋಡೆಯಾಚೆಯಿಂದ ಸಿಡಿಲಿನಂಥ ದನಿ ಬಂತು.

"ಯಾರವ್ವ ಅದು ಮೆಣಸಿನ್ಕಾಯಿ ಸೀಯಿಸ್ತಿರೋದು? ನನ್ನ ಉಳ ಸತ್ತೋಯ್ತವೆ ಕಣವ್ವ, ಆರ್ಸು ಒಲೆಯ!"

ನಮ್ಮ ಪರಿಚಯವಾದದ್ದು ಹೀಗೆ. ಹುಳ ಅಂದರೆ ರೇಷ್ಮೆ ಹುಳ. ಆ ಮನೆಯ ಪಡಸಾಲೆಯ ತುಂಬ ಬಿದಿರಿನ ತಟ್ಟೆಗಳು ಒಂದರ ಮೇಲೊಂದು. ಅದರಲ್ಲಿ ಸಾವಿರಾರು ಹುಳ ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದವು. ಆ ಹುಳಗಳಿಗೆ ಯಾವ ವಾಸನೆಯೂ ಆಗದು, ಯಾವ ಹೊಗೆಯೂ ಕೂಡದು. ಹೊಗೆಸೊಪ್ಪು ಹಾಕಿದವರು ಹೊಸಿಲು ದಾಟುವಂತಿಲ್ಲ, ಬೀಡಿ ಸೇದಿದವರು ಜಗಲಿಯನ್ನೂ ಹತ್ತುವಂತಿಲ್ಲ. ಹುಳ ಇರುವಷ್ಟು ದಿನ ನಾವು ಒಗ್ಗರಣೆಯಿಲ್ಲದ ಸಾರು ಉಂಡೆವು. ನಮ್ಮ ಯಜಮಾನರು ತಟ್ಟೆ ನೋಡಿ ನಿಟ್ಟುಸಿರು ಬಿಡುವರು, ನಾನು ಗೋಡೆ ಕಡೆ ಕೈ ತೋರಿಸುವೆನು.

ಇಡೀ ಬೀದಿಗೆ ಆಕೆ ದೊಡ್ಡವ್ವ. ನನಗೂ ಅಷ್ಟೆ. ಗಂಡ ತೀರಿಕೊಂಡಾಗ ಮಗ ತೊಟ್ಟಿಲಲ್ಲಿದ್ದನಂತೆ. ಹುಳ ಸಾಕಿಯೇ ಅವನನ್ನು ಬೆಳೆಸಿದ್ದಳು, ಮಗಳನ್ನು ಮದ್ದೂರಿಗೆ ಕೊಟ್ಟಿದ್ದಳು. ಹುಳದ ವಿಷಯದಲ್ಲಿ ಆಕೆಯ ಕೈಗುಣ ದೊಡ್ಡದು ಅಂತ ಊರೆಲ್ಲ ಮಾತು. ಬೇರೆಯವರ ಮನೆಯಲ್ಲಿ ರೋಗ ತಗುಲಿ ಹುಳ ಕರಗಿದರೆ ಇವಳನ್ನು ಕರೆಯುತ್ತಿದ್ದರು. ತಟ್ಟೆ ನೋಡಿ, ಒಂದು ಹುಳ ಎತ್ತಿ ಅಂಗೈಯಲ್ಲಿಟ್ಟುಕೊಂಡು, ಹೀಗೆ ಮಾಡಿ ಹಾಗೆ ಮಾಡಿ ಅಂತ ಗದರಿಸಿ ಬರುವಳು. ಯುದ್ಧಕ್ಕೆ ಪ್ಯಾರಾಚೂಟು ಬೇಕು, ಪ್ಯಾರಾಚೂಟಿಗೆ ರೇಷ್ಮೆ ಬೇಕು ಅಂತ ಆ ವರ್ಷಗಳಲ್ಲಿ ಎಲ್ಲಿ ನೋಡಿದರೂ ಹುಳದ ಮಾತೇ. ದೊಡ್ಡವ್ವ ರೇಷ್ಮೆ ಬೆಳೆಯ ಮೇಲೆ ಬೆಳೆ ತೆಗೆಯುತ್ತಿದ್ದಳು.

ಬೆಳೆಯ ಮೇಲೆ ಬೆಳೆ ಉಬ್ಬಸವೂ ಬರುತ್ತಿತ್ತು. ಹುಳ ಚಿಕ್ಕವಿದ್ದಾಗ ಬರೀ ಕೆಮ್ಮು. ಅವು ದಪ್ಪಗಾಗುತ್ತ ಬಂದ ಹಾಗೆ ಆಕೆಯ ಎದೆಯಲ್ಲಿ ಸಿಳ್ಳೆ. ಗೋಡೆಯಾಚೆ ಆ ಸಿಳ್ಳೆ ಕೇಳುತ್ತ ಅಡುಗೆ ಮಾಡುವುದೆಂದರೆ ನನಗೇ ಉಸಿರು ಕಟ್ಟಿದಂತಾಗುತ್ತಿತ್ತು. ಅದಕ್ಕೆ ಆಕೆಗೆ ಗೊತ್ತಿದ್ದ ಮದ್ದು ಒಂದೇ, ಉಮ್ಮತ್ತಿ ಸೊಪ್ಪು. ಒಣಗಿಸಿ, ಬೀಡಿಯಂತೆ ಸುತ್ತಿ, ಹಚ್ಚಿ, ಆ ಹೊಗೆಯನ್ನು ನಾಲ್ಕು ಸಲ ಎಳೆದರೆ ಎದೆ ಸಡಿಲವಾಗುತ್ತಿತ್ತು. ಆದರೆ ಹುಳದ ಮನೆಯಲ್ಲಿ ಹೊಗೆ ಕೂಡದಲ್ಲ! ಉಸಿರಿಗೆ ಒದ್ದಾಡುತ್ತಲೇ ಎದ್ದು, ಗೋಡೆ ಹಿಡಿದುಕೊಂಡು ಜಗಲಿಯ ತುದಿಗೆ ಬರುವಳು. ಬೆರಳಿಗೆ ಎಂಜಲು ಹಚ್ಚಿ ಗಾಳಿ ಎತ್ತ ಬೀಸುತ್ತಿದೆ ಅಂತ ನೋಡುವಳು. ಗಾಳಿ ಒಳಮುಖವಾಗಿದ್ದರೆ ಹಚ್ಚುತ್ತಲೇ ಇರಲಿಲ್ಲ, ಕಾಯುತ್ತ ಕೂರುವಳು. ನೋಡಿ ನೋಡಿ ನನಗೆ ರೇಗುತ್ತಿತ್ತು.

"ದೊಡ್ಡವ್ವ, ಹುಳ ಹೆಚ್ಚೋ ಜೀವ ಹೆಚ್ಚೋ?" ಅಂದರೆ, "ಬುಡು ಮೇಸ್ಟ್ರಮ್ಮ, ನಂಗೆ ಬಾಯಾದ್ರೂ ಅದೆ, ಕೂಗ್ತೀನಿ. ಅವ್ಕೆ ಏನದೆ?" ಅನ್ನುವಳು.

ಒಮ್ಮೆ ತೀರಾ ಜೋರಾದಾಗ ಮಗ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದ. ನಾನೂ ಜೊತೆಗೆ ಹೋದೆ. ಡಾಕ್ಟರು ತೋಳಿಗೆ ಒಂದು ಸೂಜಿ ಹಾಕಿದರು. ನೋಡನೋಡುತ್ತಿದ್ದಂತೆ ಸಿಳ್ಳೆ ಇಳಿಯಿತು, ಮುಖಕ್ಕೆ ಬಣ್ಣ ಬಂತು, ಆಕೆ ಎದ್ದು ಕೂತು ಸೆರಗು ಸರಿಮಾಡಿಕೊಂಡಳು. ಪವಾಡ ಅಂದುಕೊಂಡೆ. ಡಾಕ್ಟರು ಮಾತ್ರ ಹಿಗ್ಗಲಿಲ್ಲ.

"ಇದು ಎದೆಯ ಬಿಗಿ ಬಿಡಿಸುತ್ತೆ, ಅಷ್ಟೇ ಅಮ್ಮ. ಉಸಿರಿನ ಕೊಳವೆ ಒಳಗಡೆ ಊದಿಕೊಂಡಿದೆ. ಆ ಊತ ಇಳಿಸೋ ಔಷಧಿ ನನ್ನ ಹತ್ರ ಇಲ್ಲ, ಯಾರ ಹತ್ರಾನೂ ಇಲ್ಲ. ನಿಮ್ಮ ಮನೇಲಿ ಬೆಳೆ ಬಂದಾಗಲೆಲ್ಲ ನೀವು ಇಲ್ಲಿಗೆ ಬರ್ತೀರಿ. ಹುಳದಿಂದಲೇ ಬರ್ತಿದೆ ಅಂತ ನನ್ನ ಅನುಮಾನ. ಅದನ್ನ ಬಿಟ್ಟು ನೋಡಿ."

ಮಗನ ಮುಖ ಗಂಟುಹಾಕಿಕೊಂಡಿತು. "ಉಳದಿಂದ ಎಲ್ಲಾದ್ರೂ ಉಬ್ಸ ಬತ್ತದಾ ಸ್ವಾಮಿ? ನಮ್ಗೆ ಅನ್ನ ಆಕೋ ಲಕ್ಸ್ಮಿ ಅವು," ಅಂದ. ದೊಡ್ಡವ್ವ ದಾರಿಯುದ್ದಕ್ಕೂ ಮೊಸರು ಬಿಡಬೇಕು, ಬಾಳೆಹಣ್ಣು ಬಿಡಬೇಕು, ತಣ್ಣೀರ ಸ್ನಾನ ಬಿಡಬೇಕು ಅಂತ ತನಗೆ ತಾನೇ ಹೇಳಿಕೊಳ್ಳುತ್ತ ಬಂದಳು. ಎಲ್ಲವನ್ನೂ ಬಿಟ್ಟಳು. ಹುಳ ಮಾತ್ರ ಬಿಡಲಿಲ್ಲ.

ಅಷ್ಟರಲ್ಲಿ ನನಗೆ ಹೆಣ್ಣು ಮಗುವಾಯಿತು. ತಾಯಿ ಇಲ್ಲದ ನನ್ನ ಬಾಣಂತನಕ್ಕೆ ದೊಡ್ಡವ್ವನೇ ನಿಂತಳು. ಒರಟು ಕೈ, ಆದರೆ ಮಗುವಿಗೆ ಎಣ್ಣೆ ತಿಕ್ಕುವಾಗ ಅದೇ ಕೈ ಹುಳ ಎತ್ತುವಾಗಿನಷ್ಟೇ ಹಗುರ. ಕಾಲು ಚಾಚಿ ಅದರ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಹಾಕುವಳು. ಹಿತ್ತಲಿನ ಹಂಡೆಯ ಒಲೆಯ ಹೊಗೆಗೆ ಕೆಮ್ಮುವಳು, ಮಗು ಅಳುವುದು, ಇಬ್ಬರಿಗೂ ನಾನೇ ಸಮಾಧಾನ ಹೇಳುವುದು...

ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಮದ್ದೂರಿನಿಂದ ಆಕೆಯ ಮಗಳ ಬಾಣಂತನಕ್ಕೆ ಕರೆ ಬಂತು. ಹುಳದ ಕೆಲಸ ನಿಲ್ಲಿಸಿ ಹೋದಳು. ತಿಂಗಳುಗಳ ಮೇಲೆ, ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಆ ಕಾಲದ ಬಸ್ಸಿನಿಂದ ಇಳಿದು ಬಂದವಳನ್ನು ನೋಡಿ ನನಗೆ ಗುರುತೇ ಹತ್ತಲಿಲ್ಲ. ಕೆನ್ನೆ ತುಂಬಿತ್ತು. ಎದೆಯಲ್ಲಿ ಸದ್ದಿರಲಿಲ್ಲ.

"ಒಳೆಯಿಂದ ಬಿಂದ್ಗೆ ಒತ್ಕೊಂಡು ಒಂದೇ ದಮ್ಗೆ ಮನೆಗೆ ಬತ್ತಿದ್ದೆ ಕಣವ್ವ. ಚೆನ್ನಾಗೇ ಇವ್ನಿ. ಇನ್ಯಾಕೆ ಸೂಜಿ ಗೀಜಿ?"

ನಾನು ಹೇಳಿದೆ, ಅಲ್ಲಿ ಹುಳ ಇರಲಿಲ್ಲ ದೊಡ್ಡವ್ವ, ಅದಕ್ಕೇ ಅಂತ. ಗೋಡೆಗೆ ಹೇಳಿದ್ದರೂ ಒಂದೇ. ಬೀದಿಯವರೆಲ್ಲ ಸೇರಿ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು. ಮದ್ದೂರಿನ ನೀರು ಆಕೆಗೆ ಒಗ್ಗಿದೆ! ಶಿಂಷಾ ನೀರಿನ ಗುಣ! ಮಗ ಮದ್ದೂರಿಗೆ ಹೋಗಿ ಎರಡು ಹಿತ್ತಾಳೆ ಬಿಂದಿಗೆಯಲ್ಲಿ ಶಿಂಷಾ ನೀರು ತುಂಬಿ, ಬಟ್ಟೆ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದ. ಅದೇ ಶಿಂಷಾ ನಮ್ಮ ಮಳವಳ್ಳಿ ಸೀಮೆಗೂ ಹರಿದು ಬರುತ್ತದೆ. ಯಾರಿಗೆ ಹೇಳೋಣ? ದೊಡ್ಡವ್ವ ದಿನಾ ಬೆಳಿಗ್ಗೆ ಒಂದು ಲೋಟ ಆ ನೀರನ್ನು ಕಣ್ಣಿಗೊತ್ತಿಕೊಂಡು ಕುಡಿದಳು. ಆ ಧೈರ್ಯದ ಮೇಲೆ ಹಿಂದೆಂದೂ ಸಾಕದಷ್ಟು ಹುಳ ಸಾಕಿದಳು.

ಬೆಳೆ ಕೊನೆಗೆ ಬಂದ ದಿನ. ಹುಳ ಮೇವು ಬಿಟ್ಟು ಹಣ್ಣಾದಾಗ ಆರಿಸಿ ಆರಿಸಿ ಚಂದ್ರಿಕೆಗೆ ಬಿಡುತ್ತಾರೆ. ಚಂದ್ರಿಕೆ ಅಂದರೆ ಸುರುಳಿ ಪಟ್ಟಿ ಕೂರಿಸಿದ ಬಿದಿರಿನ ತಟ್ಟಿ, ಹುಳ ಅದರಲ್ಲೇ ಗೂಡು ಸುತ್ತುವುದು. ಅದನ್ನು ಹೊರಗೆ ನೆರಳಿನಲ್ಲಿ ಒರಗಿಸುವುದು ವಾಡಿಕೆ. ಅವತ್ತು ಮಧ್ಯಾಹ್ನ ಮಳೆ ಹಿಡಿದದ್ದರಿಂದ ಎಲ್ಲವನ್ನೂ ಜಗಲಿಗೆ ತಂದಿಟ್ಟರು. ಜಗಲಿ ತುಂಬಿಹೋಯಿತು, ಪಡಸಾಲೆಯಲ್ಲಿ ಇನ್ನೂ ಹಣ್ಣಾಗದ ಹುಳ. ಆಗಲೇ ದೊಡ್ಡವ್ವನಿಗೆ ಶುರುವಾಯಿತು. ಉಮ್ಮತ್ತಿ ಬೀಡಿ ಕೈಯಲ್ಲಿದೆ, ಹಚ್ಚಲು ಜಾಗವಿಲ್ಲ.

ನಾನು ಓಡಿಹೋಗಿ, "ನಮ್ಮ ಮನೆಗೆ ಬನ್ನಿ, ಒಳಗೆ ಕೂತು ಹಚ್ಚಿಕೊಳ್ಳಿ" ಅಂತ ಕೈ ಹಿಡಿದು ಎಳೆದೆ. ಆಕೆ ಬರಲಿಲ್ಲ. ಮಾತಾಡಲು ಉಸಿರಿರಲಿಲ್ಲ, ಬೆರಳೆತ್ತಿ ಗೋಡೆಯ ಮೇಲಿನ ಬಯಲನ್ನು ತೋರಿಸಿದಳು. ಅಲ್ಲಿಂದ ಹೊಗೆ ಆಚೆ ಹೋಗುತ್ತದೆ ಅಂತ. ಮಗ ಅಳುತ್ತ, "ಅವ್ವಾ, ಉಳ ಓದ್ರೆ ಓಗ್ಲಿ, ಇಲ್ಲೇ ಅಚ್ಚು" ಅಂತ ಕಡ್ಡಿ ಗೀರಿದ. ಅವನ ಕೈಗೆ ಹೊಡೆದು ಕಡ್ಡಿ ಕೆಡವಿದಳು.

"ಸುತ್ಕೊಳ್ಲಿ ಬುಡು... ಇನ್ನೆಲ್ಡು ದಿನ..."

ಮೆಟ್ಟಿಲಿಳಿದು ಬೀದಿಯಲ್ಲೇ, ಮಳೆಯಲ್ಲೇ ಕೂತಳು. ನಾನು ಮೇಲೆ ಗೋಣಿಚೀಲ ಹಿಡಿದೆ. ಸೊಪ್ಪು ನೆನೆದುಹೋಗಿತ್ತು, ಹತ್ತಿಕೊಳ್ಳಲೇ ಇಲ್ಲ. ಮಗ ಹೋಗಿ ಡಾಕ್ಟರನ್ನು ಕರೆತಂದ. ಜಾಗ ಮಾಡಿ ನಮ್ಮ ಮನೆಯಲ್ಲಿ ಮಲಗಿಸಿದೆವು. ಸೂಜಿ ಹಾಕಿದರು. ಕಾದು ಇನ್ನೊಂದು ಹಾಕಿದರು. ನಾನು ಆ ಪವಾಡಕ್ಕೆ ಕಾಯುತ್ತಲೇ ಇದ್ದೆ. ಸಿಳ್ಳೆ ನಿಂತಾಗ ನನಗೆ ಖುಷಿಯಾಯಿತು. ಡಾಕ್ಟರ ಮುಖ ನೋಡಿದ ಮೇಲೆ ತಿಳಿಯಿತು, ಸಿಳ್ಳೆ ಹಾಕುವಷ್ಟು ಗಾಳಿಯೂ ಒಳಗೆ ಆಡುತ್ತಿರಲಿಲ್ಲ. "ಒಳಗೆಲ್ಲ ಊತ, ಕಫ ಮುಚ್ಚಿಕೊಂಡಿದೆ," ಅಂದರು. ದೀಪ ಹಚ್ಚುವ ಹೊತ್ತಿಗೆ ದೊಡ್ಡವ್ವ ಇರಲಿಲ್ಲ.

ತಲೆಯ ಹತ್ತಿರ ಒಂದು ಊದುಕಡ್ಡಿಯನ್ನೂ ಯಾರೂ ಹಚ್ಚಲಿಲ್ಲ. ಆಕೆಗೆ ಇಷ್ಟವಾಗುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಹೆಣ ಎತ್ತುವಾಗಲೂ ಜಗಲಿಯ ಮೇಲೆ ಹುಳಗಳು ತಲೆಯಾಡಿಸುತ್ತ ಗೂಡು ಸುತ್ತುತ್ತಿದ್ದವು. ಬೆಳೆ ಬಹಳ ಚೆನ್ನಾಗಿ ಬಂತು. ಆ ಗೂಡುಗಳನ್ನೆಲ್ಲ ಕಾಲಿನಿಂದ ಹೊಸಕಿಹಾಕಬೇಕು ಅನ್ನಿಸಿತ್ತು ನನಗೆ. ಯಾರ ಮೇಲೆ ಸಿಟ್ಟು ಮಾಡುವುದು? ಹುಳದ ಮೇಲೋ, ಮಗನ ಮೇಲೋ, ಶಿಂಷಾ ಹೊಳೆಯ ಮೇಲೋ, ಅಥವಾ ತನ್ನ ಮಾತೇ ನಡೆಯಬೇಕೆಂದು ಹಟ ಹಿಡಿದು ಹೋದ ಆ ಮುದುಕಿಯ ಮೇಲೋ...

ಆಮೇಲೆ ನಮಗೆ ಮದ್ದೂರಿಗೇ ವರ್ಗವಾಯಿತು. ವರ್ಷಗಟ್ಟಲೆ ಅದೇ ಶಿಂಷಾ ನೀರು ಕುಡಿದೆವು. ನನ್ನ ಮಗಳಿಗೆ ಉಬ್ಬಸ ಅಂಟಿಕೊಂಡದ್ದು ಅಲ್ಲೇ! ಯಾರಾದರೂ ನೀರಿನ ಗುಣ ಅಂತ ಬಾಯಿಬಿಟ್ಟರೆ ಕಚ್ಚುವಷ್ಟು ಕೋಪ ಬರುತ್ತಿತ್ತು.

ಸ್ವಾತಂತ್ರ್ಯ ಬಂದು ಎರಡು ಮೂರು ವರ್ಷವಾಗಿರಬೇಕು, ಊತ ಇಳಿಸುವ ಹೊಸ ಔಷಧಿಯೊಂದು ಬಂದಿದೆ ಅಂತ ಯಜಮಾನರು ಪೇಪರು ಓದಿ ಹೇಳಿದರು. ನಮ್ಮ ಮೂತ್ರಪಿಂಡದ ಮೇಲೆ ಟೋಪಿಯಂತೆ ಒಂದು ಪುಟ್ಟ ಗ್ರಂಥಿ ಇದೆಯಂತೆ. ದೊಡ್ಡವ್ವನಿಗೆ ಹಾಕಿದ ಸೂಜಿಯ ಮದ್ದು ಅದರ ತಿರುಳಿನಲ್ಲಿ ಊರುವಂಥದ್ದು. ಈ ಹೊಸ ಮದ್ದು ಅದೇ ಗ್ರಂಥಿಯ ಸಿಪ್ಪೆಯಲ್ಲಿ ಹುಟ್ಟುವಂಥದ್ದು. ತಿರುಳು ಸಿಕ್ಕು ಎಷ್ಟೋ ವರ್ಷವಾಗಿತ್ತು, ಸಿಪ್ಪೆಯ ಗುಟ್ಟು ಸಿಕ್ಕಿರಲಿಲ್ಲ. ಬೆರಳುದ್ದದ ಗ್ರಂಥಿ! ಅದನ್ನು ಕೇಳಿ ನಾನು ಅಡುಗೆಮನೆಗೆ ಹೋಗಿ ಅತ್ತೆ. ಆಕೆ ಇನ್ನು ನಾಲ್ಕೈದು ವರ್ಷ ತಡೆದಿದ್ದರೆ ಅಂತ ಲೆಕ್ಕ ಹಾಕುತ್ತ...

ಈಗ ಆ ಜಾತಿಯ ಔಷಧಿ ಡಬ್ಬಿಯಲ್ಲಿ ಬರುತ್ತದೆ. ನಮ್ಮ ಲೇಡಿ ಡಾಕ್ಟರು ಕಾಗದದ ಮೇಲೆ ಕೊಳವೆ ಬರೆದು ನನ್ನೆದುರಿಗೇ ಮಗಳಿಗೆ ಬಿಡಿಸಿ ಹೇಳಿದ್ದರು. ನೀಲಿ ಡಬ್ಬಿ ಕೊಳವೆಯ ಸುತ್ತ ಬಿಗಿದುಕೊಂಡ ಸ್ನಾಯುವನ್ನು ಸಡಿಲ ಮಾಡುತ್ತದೆ, ಅಷ್ಟೇ. ಕಂದು ಡಬ್ಬಿಯ ಮದ್ದು ಕೊಳವೆಯ ಒಳಪೊರೆಯ ಜೀವಕೋಶಗಳ ಒಳಕ್ಕೇ ಹೋಗಿ, ಊತ ತರುವ ರಸಗಳು ಅಲ್ಲಿ ತಯಾರಾಗುವುದನ್ನು ತಗ್ಗಿಸುತ್ತದೆ. ಧೂಳೋ ಹೊಗೆಯೋ ಕೆಣಕಿದಾಗ ಹಿಂಡುಗಟ್ಟಿ ಬರುವ ಬಿಳಿ ರಕ್ತಕಣಗಳೂ ಕಡಿಮೆಯಾಗುತ್ತವೆ, ಲೋಳೆ ಇಳಿಯುತ್ತದೆ. ಎಳೆದ ತಕ್ಷಣ ಏನೂ ತಿಳಿಯುವುದಿಲ್ಲ. ವಾರಗಟ್ಟಲೆ ಬಿಡದೆ ತೆಗೆದುಕೊಂಡರೆ ಮಾತ್ರ ಒಳಗಿನ ಬಾವು ಶಾಂತವಾಗುತ್ತದೆ, ಬಿಟ್ಟರೆ ಮತ್ತೆ ಮೊದಲಿನಂತೆಯೇ. ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕು. ಇಷ್ಟೇ. ಮಕ್ಕಳಿಗೆ ಪಾಠ ಹೇಳುವ ಮೇಡಂಗೆ ಇಷ್ಟು ತಿಳಿಯಬಾರದೇ?

ಮೊನ್ನೆ ಆ ಧೂಳು ಹಿಡಿದ ಡಬ್ಬಿಯನ್ನು ಸೆರಗಿನಿಂದ ಒರೆಸಿ ಅವಳ ಮುಂದೆ ಹಿಡಿದೆ.

"ಚೆನ್ನಾಗೇ ಇದೀನಲ್ಲಮ್ಮ. ಇನ್ಯಾಕೆ ಅದೆಲ್ಲ?" ಅಂದಳು.

ಮದ್ದೂರಿನ ಬಸ್ಸಿಳಿದು ಬಂದ ದೊಡ್ಡವ್ವನ ಮಾತು, ಐವತ್ತು ವರ್ಷದ ಮೇಲೆ, ಆಕೆ ಎಣ್ಣೆ ನೀರು ಹಾಕಿದ ಕೂಸಿನ ಬಾಯಲ್ಲಿ. ನಾನು ಏನೇನು ಬೈದೆನೋ ನನಗೇ ನೆನಪಿಲ್ಲ. ನನ್ನ ಬಾಯಿ ಮುಚ್ಚಿಸಲು ಅವಳು ಡಬ್ಬಿ ಕಸಿದುಕೊಂಡು ಎಳೆದಳು, ಉಸಿರು ಬಿಗಿಹಿಡಿದಳು. ಅವಳು ಬಿಡುವವರೆಗೂ ನಾನೂ ಹಿಡಿದಿದ್ದೆ. ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದು, "ಆಯ್ತಾ?" ಅಂತ ಮುಖ ಊದಿಸಿಕೊಂಡಳು.

ನಾಳೆ ಮತ್ತೆ ಮರೆಯುತ್ತಾಳೆ, ಮತ್ತೆ ಜಗಳವಾಡಬೇಕು. ಆಡುತ್ತೇನೆ. ದೊಡ್ಡವ್ವನ ಜೊತೆಗೂ ಇಷ್ಟೇ ಜಗಳವಾಡಿದ್ದೆ, ಆಗ ನನ್ನ ಕೈಯಲ್ಲಿ ಈ ಡಬ್ಬಿ ಇರಲಿಲ್ಲ.