ಚರ್ಚಿನ ಬಾಗಿಲಲ್ಲಿ ಅವ್ವ

ಪ್ರಾರ್ಥನೆ ಮುಗಿದು ಕಣ್ಣು ತೆರೆದರೆ, ತುಮಕೂರಿನ ಆ ಮೆಥೋಡಿಸ್ಟ್ ಚರ್ಚಿನ ಬಾಗಿಲಲ್ಲಿ ಅವ್ವ ನಿಂತಿದ್ದಳು. ಹಣೆಯಲ್ಲಿ ವಿಭೂತಿ, ತಲೆಯ ಮೇಲೆ ಸೆರಗು. ನಾನು ಒಳಗೆ ತಬಲಾ ಮುಂದೆ ಕೂತಿದ್ದೆ.

ತೊಂಬತ್ತರ ದಶಕದ ಒಂದು ಕ್ರಿಸ್‌ಮಸ್ ಅದು. ಚರ್ಚಿನ ತಬಲಾ ವಾದಕರಿಗೆ ಕೈ ಮುರಿದಿದ್ದರಿಂದ ಗೆಳೆಯ ಸ್ಯಾಮ್ಯುಯೆಲ್ ನನ್ನನ್ನು ಕರೆದಿದ್ದ. "ಮಠದ ಭಜನೆ ಬುಟ್ಟು ಅಲ್ಲೋಗಿ ಬಾರಿಸ್ತೀಯೇನ್ಲಾ?" ಎಂದು ಅವ್ವ ಹಿಂದಿನ ದಿನವೇ ರೇಗಿದ್ದಳು. ಈಗ ನಮ್ಮೂರು ಗುಬ್ಬಿಯಿಂದ ಬಸ್ ಹತ್ತಿ ಬಂದಿದ್ದಾಳೆ, ಎಲ್ಲರೆದುರು ಕೂಗಾಡಿದರೆ?

ಹಾಡು ಶುರುವಾಯಿತು. ನನಗೆ ತಾಳ ತಪ್ಪಿತು. ಹಾಡುವವರು ತಿರುಗಿ ನೋಡಿದರು. ಅವ್ವ ಮಾತ್ರ ಕದಲಲಿಲ್ಲ.

ಆರಾಧನೆ ಮುಗಿದ ಕೂಡಲೇ ಹೊರಗೋಡಿ, "ಯಾಕವ್ವ ಬಂದೆ?" ಎಂದೆ.

"ನಿನ್ನ ಎಳ್ಕೊಂಡ್ ಹೋಗೋಕೆ ಕಣೋ. ದೇವ್ರ ಹಾಡು, ಅರ್ಧಕ್ಕೆ ನಿಲ್ಸಬಾರ್ದು ಅಂತ ಕಾದೆ. ಅದ್ಸರಿ, ತಾಳ ಯಾಕ್ ತಪ್ಪಿಸ್ದೆ?"

 ಇಬ್ಬರೂ ಗುಬ್ಬಿಯ ಬಸ್ ಹತ್ತಿದೆವು.

ಅವ್ವ ಒಪ್ಪಿದಳೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಮುಂದಿನ ಭಾನುವಾರ ಮತ್ತೆ ಚರ್ಚಿಗೆ ಹೊರಟಾಗ ಅವಳು ನನ್ನ ಮುಖ ನೋಡಲಿಲ್ಲ. ತಿಂಡಿ ಮಾತ್ರ ಎಂದಿಗಿಂತ ಬೇಗ ಆಗಿತ್ತು.