ಗೂಟಕ್ಕೆ ತೂಗಿದ ಜತಗಿ

ಗಂಗವ್ವಾ, ನಿನ್ನ ತಾಯಿಯ ಮುಖವನ್ನು ಕಡೆಗೊಮ್ಮೆ ನೋಡಲು ನಿನಗೆ ಸಿಗದಂತೆ ಮಾಡಿದವಳು ನಾನು. ನಿನ್ನ ಅಪ್ಪನಲ್ಲ. ಎತ್ತೂ ಅಲ್ಲ. ನಾನು, ಕುಡಚಿ ಟೇಸನ್ನಿನ ಮುಂದೆ ಗಾಡಿ ಅಡ್ಡೆ ನಡೆಸುತ್ತಿದ್ದ ಕಾಶವ್ವ — ನೀನು ಚಿಗವ್ವ ಎಂದು ಕರೆಯುವವಳು.

ಮೊದಲೇ ಹೇಳಿಬಿಟ್ಟೆ. ಸುತ್ತಿ ಬಳಸಿ ಹೇಳಲು ಹೋದರೆ ನಡುವೆ ಎಲ್ಲೋ ನನ್ನನ್ನು ನಾನೇ ಒಳ್ಳೆಯವಳನ್ನಾಗಿ ಮಾಡಿಕೊಂಡುಬಿಡುತ್ತೇನೆ. ಅಕ್ಷರ ಸೊಟ್ಟಗಿವೆ, ಹೇಗೋ ಓದಿಕೋ.

ಆಗ ಇನ್ನೂ ಸಂಸ್ಥಾನಗಳ ಕಾಲ. ಜಮಖಂಡಿಯವರಾಗಲಿ, ರಬಕವಿ-ಬನಹಟ್ಟಿಯವರಾಗಲಿ, ರೈಲು ಹತ್ತಬೇಕಾದರೆ ಕುಡಚಿಗೇ ಬರಬೇಕು. ರಾತ್ರಿಯೆಲ್ಲ ಗಾಡಿ ಹೊಡೆದುಕೊಂಡು ಬರುವರು. ಗಾಡಿ, ಎತ್ತು ನನ್ನ ಅಡ್ಡೆಯಲ್ಲಿ ಬಿಟ್ಟು ಮಿರಜಿಗೋ ಬೆಳಗಾವಿಗೋ ರೈಲಿನಲ್ಲಿ ಹೋಗುವರು. ಕೆಲಸ ಮುಗಿಸಿ ಬಂದು ಮತ್ತೆ ಗಾಡಿ ಹೂಡಿಕೊಂಡು ಊರಿಗೆ. ಗಂಡ ಸತ್ತ ಮೇಲೆ ಅಡ್ಡೆ ನನ್ನ ಕೈಗೆ ಬಂತು. ನೀರು, ಮೇವಿಗೆ ಜೋಳದ ಕಣಿಕಿ, ಬೇವಿನ ನೆರಳು, ಕಾವಲು — ಇಷ್ಟೇ ನನ್ನ ಕೆಲಸ.

ಒಂದು ರೂಢಿ ಇತ್ತು. ಎತ್ತಿನ ಕೊರಳನ್ನು ನೊಗಕ್ಕೆ ಕಟ್ಟುವ ತೊಗಲಿನ ಪಟ್ಟಿ ಇದೆಯಲ್ಲ, ಜತಗಿ — ಅದನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡೇ ಜನ ರೈಲು ಹತ್ತುತ್ತಿದ್ದರು. ತಾವು ಇಲ್ಲದಾಗ ತಮ್ಮ ಎತ್ತನ್ನು ಯಾರೂ ಹೂಡಬಾರದು ಎಂದು. ಅಂಥ ಎತ್ತಿಗೆ ಬೇರೆ ಜತಗಿ ಕಟ್ಟಿ ಹೂಡಿದರೆ ಅದು ಕಳವಿಗೆ ಸಮ. ನಂಬಿಕೆ ಇಲ್ಲವೆಂದಲ್ಲ, ಹಿಂದಿನಿಂದ ನಡೆದು ಬಂದದ್ದು. ನಾನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ನಿನ್ನ ಅಪ್ಪ ಮಲ್ಲಪ್ಪಣ್ಣ ಮಾತ್ರ ಒಯ್ಯುತ್ತಿರಲಿಲ್ಲ. ಬನಹಟ್ಟಿಯ ನೇಕಾರರಿಗೆ ನೂಲು ತರಲು ಮೇಲಿಂದ ಮೇಲೆ ಬರುತ್ತಿದ್ದ. ಜತಗಿಯನ್ನು ನನ್ನ ಗೋಡೆಯ ಗೂಟಕ್ಕೆ ತೂಗಿಹಾಕಿ ನಗುತ್ತಿದ್ದ: "ನಾ ಏನ್ ಎತ್ತನ ಬೇ, ಹೆಗಲಿಗೆ ಜತಗಿ ಹಾಕ್ಕೊಂಡು ಮಿರಜ್ಯಾಗ ಅಡ್ಡಾಡಾಕ? ಮಂದಿ ನಗ್ತಾರ. ನಿನ್ನ ಗೂಟಕ್ಕಿರಲಿ ತಂಗಿ."

ಆ ದಿನ ಬೆಳಿಗ್ಗೆ ಬಂದಾಗ ನಗಲಿಲ್ಲ.

"ಆಕಿ ಉಳಿಯಂಗಿಲ್ಲ ಕಾಶವ್ವಾ. ಗಂಗೀನ ನೋಡಬೇಕಂತ ಜೀವಾ ಹಿಡಕೊಂಡು ಮಲಗ್ಯಾಳ. ಮಿರಜಿಗೆ ಮಗಳ ಗಂಡನ ಮನಿಗೆ ಹೋಗಿ ಆಕಿನ್ನ ಕರಕೊಂಡು ಸಂಜೀ ರೈಲಿಗೆ ಬರ್ತೇನಿ. ಬಂದ ಕೂಡ್ಲೆ ಹೂಡಬೇಕು. ಎತ್ತು ರಾತ್ರಿಯೆಲ್ಲಾ ನಡದಾವ, ಅಟ್ಟೊತ್ತಿಗೆ ದಣಿವು ಆರಿಸ್ಕೊಂಡಿರಬೇಕು ನೋಡು."

"ಹೋಗಿ ಬರ್ರಿ ಅಣ್ಣಾರ. ನಾ ಅದೀನಲ್ಲ."

ಹೌದು, ಹಾಗೇ ಅಂದೆ.

ಜತಗಿಗಳನ್ನು ಗೂಟಕ್ಕೆ ಹಾಕಿದ. ಬೆಳ್ಯಾನ ಬೆನ್ನ ಮೇಲೆ ಕೈ ಆಡಿಸಿದ — ನಿನ್ನ ತಾಯಿ ಕರು ಇದ್ದಾಗಿನಿಂದ ರೊಟ್ಟಿ ತಿನ್ನಿಸಿ ಬೆಳೆಸಿದ ಎತ್ತು. ಆಮೇಲೆ ಹೋದ.

ಬಿಸಿಲು ಏರುವ ಹೊತ್ತಿಗೆ ದುಂಡಪ್ಪ ಬಂದ. ಹಳ್ಳಿಗಳಿಂದ ಹತ್ತಿ ಹೇರಿಕೊಂಡು ಬಂದು ರೈಲಿಗೆ ಹಾಕುವವನು. ಅವನ ಎತ್ತು ಕಾಲು ಕುಂಟುತ್ತಿತ್ತು, ಮಾಲು ಹಳ್ಳಿಯಲ್ಲೇ ಬಿದ್ದಿತ್ತು. ಬೆಳ್ಯಾ ಮತ್ತು ಅದರ ಜೋಡಿಯನ್ನು ನೋಡಿದ, ಗೂಟವನ್ನೂ ನೋಡಿದ.

"ಒಂದ್ ಹೇರಿನ ಕೆಲಸ ಕಾಶವ್ವಾ. ಮಾಲಕ ಬರೂದ್ರೊಳಗ ತಂದು ಕಟ್ತೇನಿ."

"ಎತ್ತು ದಣದಾವೋ ದುಂಡ್ಯಾ."

"ದಣದಾವಂತ ನಿನಗ ಹೇಳಿದ್ವನ? ಮಾಲಕಗರ ಏನ್ ಹೇಳ್ತಾವ ಅವು?"

ಆಗ ಇಲ್ಲ ಅನ್ನಬೇಕಿತ್ತು. ನಾನು ಕೇಳಿದ್ದು ಬೇರೆ.

"ಕಣಿಕಿ ಎಷ್ಟ ಹಾಕ್ತಿ?"

"ಗಾಡಿ ತುಂಬ."

ನನಗೆ ಕಣಿಕಿಯ ಕೊರತೆ ಇರಲಿಲ್ಲ ಗಂಗವ್ವಾ. ಹಿತ್ತಲಲ್ಲಿ ಬಣವೆ ಇತ್ತು. ಬೇಕಾಗಿತ್ತೆಂದು ಒಪ್ಪಲಿಲ್ಲ — ಸಿಗುತ್ತಿತ್ತಲ್ಲ, ಅದಕ್ಕೆ ಒಪ್ಪಿದೆ. ಬೇರೆಯವರ ಎತ್ತಾಗಿದ್ದರೆ ಜತಗಿ ಇರುತ್ತಿರಲಿಲ್ಲ, ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಿನ್ನ ಅಪ್ಪ ನನ್ನನ್ನು ನಂಬಿ ಬಿಟ್ಟುಹೋದ ಜತಗಿಯನ್ನು ನಾನೇ ಗೂಟದಿಂದ ಇಳಿಸಿ ದುಂಡಪ್ಪನ ಕೈಗೆ ಕೊಟ್ಟೆ.

ಒಂದು ಹೇರು ಎಂದವನು ಮತ್ತೊಂದಕ್ಕೂ ಹೋದ. ಎತ್ತು ತಿರುಗಿ ಬಂದಾಗ ಹೊತ್ತು ಇಳಿದಿತ್ತು. ಬೆಳ್ಯಾನ ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಹೆಗಲು ಬಾತಿತ್ತು. ರೈಲಿನ ಸಪ್ಪಳ ದೂರದಿಂದ ಕೇಳಿಸಿತು. ನಾನು ಬಾವಿಯಿಂದ ಕೊಡದ ಮೇಲೆ ಕೊಡ ನೀರು ತಂದು ಎರಡೂ ಎತ್ತಿನ ಮೈಮೇಲೆ ಸುರಿದೆ — ಬೆವರು ಕಾಣಬಾರದು ಎಂದು. ಬಾಯಿ ಒರೆಸಿದೆ. ನೆರಳಿಗೆ ಕಟ್ಟಿದೆ. ಜತಗಿಯ ಬೆವರನ್ನು ಸೆರಗಿನಿಂದ ತಿಕ್ಕಿ ಗೂಟಕ್ಕೆ ತೂಗಿಹಾಕಿದೆ.

ನೀನು ರೈಲಿನಿಂದ ಇಳಿದು ಬಂದೆ. ಅತ್ತು ಅತ್ತು ಕಣ್ಣು ಬಾತಿದ್ದವು, ಯಾವುದನ್ನೂ ನೋಡುವ ಸ್ಥಿತಿಯಲ್ಲಿ ನೀನಿರಲಿಲ್ಲ. ನಿನ್ನ ಅಪ್ಪ ಎತ್ತಿನ ಹಸಿ ಮೈ ಮುಟ್ಟಿ ನನ್ನತ್ತ ತಿರುಗಿದ.

"ಮೈ ತೊಳದೀಯಲ್ಲ ತಂಗಿ, ಇಂಥಾ ಬಿಸಿಲಾಗ. ನಿನ್ನ ಹೊಟ್ಟಿ ತಣ್ಣಗಿರಲಿ."

ಆ ಮಾತು — ಅದಕ್ಕಿಂತ ಅವನು ನನ್ನ ಕೆನ್ನೆಗೆ ಹೊಡೆದಿದ್ದರೆ — ಇರಲಿ. ಆ ಗಳಿಗೆಯಲ್ಲೂ ಹೇಳಬಹುದಿತ್ತು. ಅಡ್ಡೆಯಲ್ಲಿ ಬೇರೆಯವರ ಎತ್ತು ಇದ್ದವು, ಬದಲಿ ಜೋಡಿ ಕೇಳಿ ಕೊಡಿಸಬಹುದಿತ್ತು. ಹೇಳಿದರೆ ಅಡ್ಡೆಯ ಹೆಸರು ಹೋಗುತ್ತದೆ ಎಂದುಕೊಂಡೆ. ನೊಗ ಎತ್ತಿ ಹಿಡಿದೆ, ಅವನು ಜತಗಿ ಕಟ್ಟಿದ. ಬೆಳ್ಯಾ ಒಮ್ಮೆ ಹಿಂದೆ ಸರಿಯಿತು. "ಏಯ್, ಮನೀಗೆ ಹೊಂಟೀವಿ, ನಡಿ" ಎಂದು ಅವನೇ ರಮಿಸಿದ.

ಹಾರೂಗೇರಿ ದಾಟಿದ ಮೇಲೆ ಬೆಳ್ಯಾ ಮುಗ್ಗರಿಸಿ ಬಿತ್ತು, ಆ ರಾತ್ರಿ ಏಳಲಿಲ್ಲ. ಬದಲಿ ಎತ್ತು ಹುಡುಕಿ, ಗಾಡಿ ಹೂಡಿ ನೀವು ಮರುದಿನ ಇಳಿಹೊತ್ತಿಗೆ ಬನಹಟ್ಟಿ ಮುಟ್ಟುವಷ್ಟರಲ್ಲಿ, ದಾರಿ ಕಾದು ಸಾಕಾದವರು ನಿನ್ನ ತಾಯಿಯನ್ನು ಮಣ್ಣು ಮಾಡಿ ಬಂದಿದ್ದರು. ಇದು ನಿನಗೆ ಗೊತ್ತು. ನಿನ್ನ ಬಾಯಿಂದಲೇ ನಾನು ಕೇಳಿದ್ದು.

ದಿನಕರ್ಮ ಮುಗಿದ ಮೇಲೆ ನಿನ್ನ ಅಪ್ಪ ನೂಲಿಗೆ ಬಂದ. ಗಾಡಿಗೆ ಬೇರೆ ಎತ್ತು.

"ಬೆಳ್ಯಾ ಎಲ್ಲಿರಿ ಅಣ್ಣಾರ?"

"ಮಾರಿದ್ನಿ. ಆಕಿ ಸಾಕಿದ ಎತ್ತು ಆಕಿಗೇ ಕೈ ಕೊಡ್ತು. ಅಂಗಳದಾಗ ಅದನ್ನ ನೋಡಾಕ ಆಗವಲ್ದಾಗಿತ್ತು." ಚೀಲದಿಂದ ಹಳೆಯ ಜತಗಿ ತೆಗೆದ. "ಇದು ಅದರದು. ಒಗೀಬೇಕಂದ್ರ ಮನಸಾಗಲಿಲ್ಲ. ನಿನ್ನ ಗೂಟಕ್ಕ ಇರಲಿ."

ನೀರು ಕೊಟ್ಟೆ, ಕುಡಿದ. ಜತಗಿಯನ್ನು ಗೂಟಕ್ಕೆ ತೂಗಿಹಾಕಿದೆ.

ಅವನ ಮುಂದೆ ಬಾಯಿ ಬಿಡದ್ದು ಒಂದು. ನಿನ್ನ ಮುಂದೆ ಬಿಡದ್ದು ಅದಕ್ಕಿಂತ ಕೆಟ್ಟದ್ದು. ಹಾರೂಗೇರಿಗೆ ನಾದಿನಿಯ ಮನೆಗೆ ಹೋಗುವಾಗೆಲ್ಲ ಕುಡಚಿಯಲ್ಲಿ ಇಳಿದು ನನ್ನ ಮನೆಗೆ ಬರುತ್ತೀ. ರೊಟ್ಟಿ ತರುತ್ತೀ, ಶೇಂಗಾ ಚಟ್ನಿ ತರುತ್ತೀ. ಪ್ರತಿ ಸಲ ಅದೇ ಮಾತು: "ಕುಡಚಿಗೆ ಬರೂ ಮುಂದನ ಅಪ್ಪ ಬಾರಕೋಲಿಲೆ ಹೊಡದು ಓಡಿಸಿರಬೇಕು ಚಿಗವ್ವಾ. ಇಲ್ಲಂದ್ರ ಬೆಳ್ಯಾ ಬೀಳೂದಲ್ಲ. ಅವ್ವನ ಮಾರಿ ನೋಡೂದು ತಪ್ಪಿಸಿದಾಂವನ ಹೊಸ್ತಿಲಾ ನಾ ತುಳಿಯಂಗಿಲ್ಲ." ನಾನು ನಿನ್ನ ರೊಟ್ಟಿ ತಿನ್ನುತ್ತಾ ಕುಳಿತಿರುತ್ತೇನೆ. ಅಪ್ಪನ ಮನೆ ಬಿಟ್ಟು ನನ್ನ ಮನೆಗೆ ಬರುತ್ತೀಯಲ್ಲ — ಯಾರ ಮನೆಗೆ ಬರುತ್ತಿದ್ದೀ ಎಂದು ನಿನಗೆ ಗೊತ್ತಿಲ್ಲ.

ಅವನು ಹೊಡೆಯಲಿಲ್ಲ ಗಂಗವ್ವಾ. ಬೆಳಿಗ್ಗೆ ಬಂದಾಗ ಎತ್ತಿನ ಮೈಮೇಲೆ ಒಂದು ಬರೆಯೂ ಇರಲಿಲ್ಲ. ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಸಂಸ್ಥಾನಗಳು ಹೋದವು, ಮೋಟಾರು ಬಂದವು, ಅಡ್ಡೆಯಲ್ಲಿ ಗಾಡಿ ನಿಲ್ಲುವುದು ಕಡಿಮೆ. ನಿನ್ನ ಅಪ್ಪನಿಗೆ ಕಣ್ಣು ಮಂಜಾಗಿದೆ ಎಂದು ಬನಹಟ್ಟಿಯಿಂದ ಬಂದವರು ಹೇಳಿದರು. ನಿನ್ನ ಮುಖವಾದರೂ ಅವನಿಗೆ ಕಾಣುತ್ತಿರುವಾಗಲೇ ನೀನು ಹೋಗಬೇಕು. ನನ್ನನ್ನು ಕ್ಷಮಿಸು ಎಂದು ನಾನು ಕೇಳುವುದಿಲ್ಲ. ಇನ್ನು ಮೇಲೆ ರೊಟ್ಟಿ ತರಬೇಡ.

ಬೆಳ್ಯಾನ ಜತಗಿ ಇನ್ನೂ ಗೂಟದಲ್ಲೇ ಇದೆ. ತೊಗಲು ಒಣಗಿ ಬಿರುಸಾಗಿದೆ. ನಾಳೆ ಬೆಳಿಗ್ಗೆ ಅದನ್ನು ಇಳಿಸಿ, ಹೆಗಲಿಗೆ ಹಾಕಿಕೊಂಡು, ಬನಹಟ್ಟಿಯ ಮೋಟಾರು ಹತ್ತುತ್ತೇನೆ. ಮಂದಿ ನಗಲಿ. ಮಲ್ಲಪ್ಪಣ್ಣನ ಹೊಸ್ತಿಲ ಹೊರಗೆ ನಿಂತು ಅದನ್ನು ಅವನ ಕೈಗೆ ಕೊಟ್ಟು ಹೇಳುತ್ತೇನೆ — ಎತ್ತು ಕೈ ಕೊಡಲಿಲ್ಲ ಅಣ್ಣಾ.