ಎರಡಾಗುವ ಹುಳು

ನಿವೃತ್ತ ಮೇಷ್ಟ್ರು ಹೂಕುಂಡಕ್ಕೆ ಗೊಬ್ಬರ ಕೊಳ್ಳಲು ಎರೆಗೊಬ್ಬರದ ಶೆಡ್ಡಿಗೆ ಮೊದಲ ಸಲ ಬಂದ ದಿನ ಹುಳದಮ್ಮ ಮೊಣಕೈವರೆಗೆ ತೊಟ್ಟಿಯೊಳಗಿದ್ದಳು. ಹನ್ನೊಂದು ವರ್ಷ ಒಂಬತ್ತು ತೊಟ್ಟಿಗಳ ಎರೆಹುಳುಗಳನ್ನು ಸಾಕಿದ್ದಕ್ಕೆ ಜೊತೆಯ ಕೆಲಸದವರು ಕೊಟ್ಟ ಬಿರುದು ಅದು.

"ಸಲಿಕೆ ಇಲ್ವೇನಮ್ಮಾ?" ಎಂದರು ಮೇಷ್ಟ್ರು.

"ಇದೆ ಮೇಷ್ಟ್ರೇ. ಹುಳಕ್ಕೆ ತಾಗಿದ್ರೆ ತುಂಡಾಗ್ತವೆ."

ಅವಳ ಕ್ರಮವೇ ಬೇರೆ. ಎರಡು ದಿನ ನೀರು ನಿಲ್ಲಿಸಿ, ಗೊಬ್ಬರವನ್ನು ಗುಡ್ಡೆ ಮಾಡಿ, ಮೇಲಿನ ತಗಡು ಸರಿಸಿ ಬೆಳಕು ಬಿಡುವಳು. ಹುಳುಗಳು ಬೆಳಕಿಗೆ ಅಂಜಿ ಅಡಿಗೆ ಇಳಿದ ಮೇಲೆ, ಮೇಲಿನ ಪುಡಿಯನ್ನು ಬೆರಳಿನಿಂದ ಕೆರೆದು ತೆಗೆಯುವಳು. ಬೇರೆ ಕೆಲಸ ಅವಳಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಧಣಿ ಹಾಸಿಗೆ ಹಿಡಿದ ಮೇಲೆ ಶೆಡ್ಡು ಅವರ ಅಳಿಯನ ಕೈಗೆ ಬಂದಿತ್ತು. ಮೇಷ್ಟ್ರು ಇನ್ನೂ ಅಲ್ಲೇ ಇರುವಾಗ ಅವನು ಒಂದು ಸಲಿಕೆ ತಂದು ಅವಳ ಕಾಲ ಬಳಿ ಎಸೆದ.

"ಮೂರು ಗಂಟೆ ಕೆಲಸಕ್ಕೆ ಮೂರು ದಿನ ಮಾಡ್ತೀಯಲ್ಲ! ಸಲಿಕೆ ಹಾಕಿ ಎಳಿ."

"ಬೇಡ ಸ್ವಾಮಿ, ಸಾಯ್ತವೆ. ತಲೆ ಕಡೆಯದು ಉಳಿದ್ರೂ ಉಳೀಬಹುದು. ಬಾಲದ ಕಡೆಯದು ಉಳಿಯೋದೇ ಇಲ್ಲ."

"ಎರೆಹುಳು ಅಂತ ಯಾಕಂತಾರೆ ಗೊತ್ತಾ? ಕಡಿದ್ರೆ ಎರಡಾಗುತ್ತೆ, ಅದಕ್ಕೇ ಎರೆ. ಈ ಮೇಷ್ಟ್ರೇ ನಾಲ್ಕನೇ ಕ್ಲಾಸಲ್ಲಿ ಹೇಳಿಕೊಟ್ಟಿದ್ದು. ಅಲ್ವಾ ಮೇಷ್ಟ್ರೇ?"

ಹುಳದಮ್ಮ ಆಸೆಯಿಂದ ಮೇಷ್ಟ್ರ ಮುಖ ನೋಡಿದಳು. ಮಕ್ಕಳನ್ನು ನಗಿಸಲು ಎಂದೋ ಆಡಿದ್ದ ಮಾತು ಅದು. ಆದರೆ ಇಪ್ಪತ್ತು ವರ್ಷದ ಹಿಂದಿನ ಪಾಠವನ್ನು ಶಿಷ್ಯನ ಬಾಯಲ್ಲಿ ಕೇಳಿ ಅವರ ಮುಖ ಹೂವಿನಂತೆ ಅರಳಿತು.

"ಹೌದಪ್ಪಾ! ಇನ್ನೂ ನೆನಪಿಟ್ಟಿದ್ದೀಯಲ್ಲ!" ಎಂದು ಅವನ ಬೆನ್ನು ತಟ್ಟಿದರು.

"ಒಂದು ತೊಟ್ಟಿ ಮಾತ್ರ ಮಾಡಿ ನೋಡೋಣ ಸ್ವಾಮಿ. ಉಳಿದ ಎಂಟು ಬಿಟ್ಟುಬಿಡಿ."

"ಹುಳದಮ್ಮಾ, ನಿನ್ನನ್ನೂ ಕಡಿದ್ರೆ ಇಬ್ಬರಾಗ್ತೀಯ ನೋಡು, ಕೆಲಸ ಬೇಗ ಆಗುತ್ತೆ!" ಎಂದ ಗೊಬ್ಬರದ ಚೀಲ ಹೊಲಿಯುವವನು. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು.

"ಒಂಬತ್ತೂ ಆಗ್ಬೇಕು. ಸಲಿಕೆ ಹಿಡಿ, ಇಲ್ಲಾ ಗೇಟು ಹಿಡಿ" ಎಂದ ಅಳಿಯ.

ಅವಳು ಸಲಿಕೆ ಹಿಡಿದಳು.

ನಾಲ್ಕನೆಯ ದಿನ ಶೆಡ್ಡಿಗೆ ಕಾಲಿಡಲಾಗದಷ್ಟು ನಾತ. ತೊಟ್ಟಿಗೆ ಕೈ ಹಾಕಿದರೆ ಬೆರಳಿಗೆ ಲೋಳೆ ಮೆತ್ತಿತು. ಅಲ್ಲೊಂದು ಇಲ್ಲೊಂದು ತಲೆಯ ತುಂಡು ಇನ್ನೂ ಮಿಸುಕುತ್ತಿತ್ತು. ಉಳಿದದ್ದೆಲ್ಲ ಇರುವೆಗಳ ಪಾಲಾಗಿತ್ತು. ಅಳಿಯ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದ.

"ಸರಿಯಾಗಿ ಮಧ್ಯಕ್ಕೆ ಕಡಿದಿದ್ರೆ ಎರಡಾಗ್ತಿದ್ವು. ನನ್ನ ಮೇಲಿನ ಸಿಟ್ಟಿಗೆ ಅಡ್ಡಾದಿಡ್ಡಿ ಕಡಿದಿದ್ದೀಯ."

ಒಂಬತ್ತು ತೊಟ್ಟಿಗಳನ್ನೂ ಅವಳ ಕೈಯಲ್ಲೇ ತೊಳೆಸಿ, ಆಮೇಲೆ ಗೇಟು ತೋರಿಸಿದ. ಚೀಲ ಹೊಲಿಯುವವನು ಹೊಸ ಹೆಸರಿಟ್ಟ: ಹುಳ ತಿಂದೋಳು. ಆ ಹೆಸರು ಅವಳಿಗಿಂತ ಮೊದಲೇ ಊರಿನ ತೋಟಗಳನ್ನೆಲ್ಲ ಮುಟ್ಟಿತು. ಒಬ್ಬರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ.

ಈಗ ಅವಳು ಕೆರೆಯ ದಂಡೆಯಲ್ಲಿ, ಒದ್ದೆ ಗೋಣಿಯ ಮೇಲೆ ಒಂದು ಡಬ್ಬಿ, ಒಂದು ಬ್ಲೇಡು ಇಟ್ಟುಕೊಂಡು ಕೂರುತ್ತಾಳೆ. ಗಾಳ ಹಾಕುವವರು ಬಂದು "ಎರೆ ಕೊಡಮ್ಮಾ" ಎನ್ನುತ್ತಾರೆ.

ಮೊನ್ನೆ ಸಂಜೆ ತಿರುಗಾಟಕ್ಕೆ ಬಂದ ಮೇಷ್ಟ್ರು ಅವಳೆದುರು ನಿಂತರು.

"ನಿಘಂಟು ತೆಗೆದು ನೋಡಿದೆನಮ್ಮಾ. ಎರೆ ಅಂದ್ರೆ ಗಾಳಕ್ಕೆ ಸಿಕ್ಕಿಸೋ ತಿಂಡಿ. 'ಎರಡು' ಅನ್ನೋದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅವತ್ತು ನಾನು ಹೇಳಿದ್ದು ತಪ್ಪು."

"ಹೌದಾ ಮೇಷ್ಟ್ರೇ? ಹುಳಗಳಿಗೆ ಸಮಾಧಾನ ಆಗುತ್ತೆ ಬಿಡಿ. ಸ್ವಲ್ಪ ಆ ಕಡೆ ಸರೀರಿ, ಬೆಳಕು ಬೀಳ್ತಿಲ್ಲ."

ಮೇಷ್ಟ್ರು ಸರಿದರು. ಅವಳು ಒಂದು ಹುಳುವನ್ನು ತೆಗೆದು, ತಲೆಯ ಬಳಿಯ ಕೊರಳಪಟ್ಟಿಯಂಥ ದಪ್ಪ ಭಾಗಕ್ಕಿಂತ ಸಾಕಷ್ಟು ಕೆಳಗೆ ಕಡಿದಳು. ಬಾಲದ ತುಂಡು ಮಾರಾಟಕ್ಕೆ. ತಲೆಯ ತುಂಡು ಮತ್ತೆ ಡಬ್ಬಿಯ ಮಣ್ಣಿಗೆ. ಕೆಲವಕ್ಕೆ ಅಲ್ಲಿ ನಿಧಾನವಾಗಿ ಗಿಡ್ಡನೆಯ ಬಾಲ ಬರುತ್ತದೆ. ಬಂದ ಮೇಲೆ ಅದನ್ನೂ ಕಡಿಯುತ್ತಾಳೆ.